ಅತ್ತೆಯ ಮಂಡಿ ಮತ್ತು ಹಿಟ್ಟಿನ ಕೋಲು

ನನ್ನ ಎಡಮಂಡಿಗೆ ಈಚೆಗೆ ಮಾತು ಬಂದಿದೆ. ಕೂತಲ್ಲಿಂದ ಏಳುವಾಗ ನಾನು 'ಅಪ್ಪಾ' ಅನ್ನುವ ಮೊದಲೇ ಅದು 'ಲಟಕ್' ಅನ್ನುತ್ತದೆ. ಮೊನ್ನೆ ಮೊಮ್ಮಗಳು ಪಕ್ಕದ ಕೋಣೆಯಿಂದ, "ಅಜ್ಜಿ, ಏನೋ ಮುರೀತಲ್ಲ?" ಎಂದು ಕೂಗಿದಳು. "ಏನೂ ಮುರಿದಿಲ್ಲ ಕಣೆ, ನಾನು ಎದ್ದೆ ಅಷ್ಟೆ" ಎಂದೆ. ಮಾರನೆಯ ದಿನವೇ ಅವಳು ಔಷಧಿ ಅಂಗಡಿಯಿಂದ ಮಂಡಿಗೆ ತೊಡುವ ಒಂದು ಬಿಗಿಯಾದ ಚೀಲ ತಂದುಕೊಟ್ಟಳು. ಅದನ್ನು ಹಾಕಿಕೊಂಡರೆ ಮಂಡಿನೋವು ಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ಹಾಕಿಕೊಂಡು ಮುಗಿಸುವ ಹೊತ್ತಿಗೆ ಸೊಂಟನೋವು ಬರುವುದಂತೂ ಖಂಡಿತ. ಅದನ್ನು ಎಳೆದಾಡುತ್ತ ಕೂತಿದ್ದಾಗ ನನಗೆ ನನ್ನ ಅತ್ತೆಯ ಮಂಡಿ ಜ್ಞಾಪಕಕ್ಕೆ ಬಂತು. ಅತ್ತೆಗಿಂತ ಮೊದಲು ಮಂಡಿ ಯಾಕೆ ಬಂತು ಎಂದು ನೀವು ಕೇಳಬಹುದು. ಆ ಕಾಲದಲ್ಲಿ ನಮ್ಮ ಮನೆಗೆ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ಅದನ್ನೇ.

ನನ್ನ ಮದುವೆಯಾದದ್ದು ಯುದ್ಧದ ದಿನಗಳಲ್ಲಿ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕು, ಮದುವೆಯ ಸೀರೆಗೆ ಅಂಗಡಿಯವನ ಮುಂದೆ ಹಲ್ಲು ಗಿಂಜಬೇಕು ಎನ್ನುವ ಕಾಲ. ಅಪ್ಪ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತರು. ನಾನು ಮಿಡ್ಲ್‌ಸ್ಕೂಲು ಮುಗಿಸಿದ್ದೆ, ದಾರದಲ್ಲಿ ಹೂವಿನ ಕಸೂತಿ ಹಾಕುತ್ತಿದ್ದೆ, ಪೇಪರು ಓದುತ್ತಿದ್ದೆ. ಇಷ್ಟು ಬಂಡವಾಳ ಮತ್ತು ಒಂದು ಹೊಸ ತಗಡಿನ ಟ್ರಂಕು ಹೊತ್ತುಕೊಂಡು ಕಿರುಗಾವಲಿನ ಮಗ್ಗುಲ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಬಂದ ವಾರದೊಳಗೇ ಗೊತ್ತಾಯಿತು, ಆ ಮನೆಗೆ ಬೇಕಾಗಿದ್ದ ಒಂದೇ ಒಂದು ವಿದ್ಯೆ ನನಗೆ ಬರುತ್ತಿರಲಿಲ್ಲ. ಅದು ಹಿಟ್ಟು ತಿರುವುವುದು.

ನಮ್ಮ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಮುದ್ದೆ. ಮಂಡ್ಯದ ನಮ್ಮ ಮನೆಯಲ್ಲಿ ಅಮ್ಮ ನಾಲ್ಕು ಜನಕ್ಕೆ ಒಂದು ಪುಟ್ಟ ಪಾತ್ರೆಯಲ್ಲಿ ತಿರುವುತ್ತಿದ್ದಳು, ಅದು ಆಟವಾಡಿದ ಹಾಗಿತ್ತು. ಇಲ್ಲಿ ಮಾವ, ನನ್ನ ಯಜಮಾನರು, ಮೈದುನಂದಿರು, ಗದ್ದೆಯ ಆಳುಗಳು, ಎಲ್ಲರಿಗೂ ಸೇರಿ ಒಂದು ದೊಡ್ಡ ಮಡಕೆ. ಎಸರಿನಲ್ಲಿ ಹಿಟ್ಟು ಬೆಂದ ಮೇಲೆ ಮಡಕೆಯನ್ನು ಒಲೆಯಿಂದ ನೆಲಕ್ಕೆ ಇಳಿಸುತ್ತಾರೆ. ಅದರ ಕಂಠಕ್ಕೆ ಕವೆಗೋಲು, ಅಂದರೆ ತುದಿಯಲ್ಲಿ ಎರಡು ಕವಲು ಒಡೆದ ಕೋಲನ್ನು ಸಿಕ್ಕಿಸಿ, ಅದರ ಹಿಡಿಯನ್ನು ಪಾದದಲ್ಲಿ ಒತ್ತಿ ಮೆಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂರಬೇಕು. ಮಡಕೆ ಅಲ್ಲಾಡದಂತೆ ಕಾಲು ನೋಡಿಕೊಳ್ಳುತ್ತದೆ. ಎರಡೂ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು ಗಂಟು ಒಡೆಯುವವರೆಗೆ ತಿರುವಬೇಕು. ಅತ್ತೆ ನಿಂಗಮ್ಮನವರು ಹೀಗೆ ಕೂತರೆಂದರೆ ರಾಟೆ ತಿರುಗಿದ ಹಾಗೆ. ನಾನು ಕೂತ ಮೊದಲನೆಯ ದಿನ ಮಡಕೆಯೇ ತಿರುಗಿತು, ಹಿಟ್ಟು ಹಾಗೇ ನಿಂತಿತ್ತು. ಅತ್ತೆ ನನ್ನ ಕೈಯಿಂದ ಕೋಲು ಕಿತ್ತುಕೊಂಡು, "ಓಗಮ್ಮಿ, ಓಗಿ ಪೇಪರ್ ಓದ್ಕೊ" ಎಂದರು.

ಅತ್ತೆ ಒಳ್ಳೆಯ ಮೈಕಟ್ಟಿನ ಹೆಂಗಸು. ಹಳ್ಳಿಯ ಆ ತುದಿಯಿಂದ ಮಾತಾಡಿದರೆ ಈ ತುದಿಗೆ ಕೇಳುವ ಗಂಟಲು. ಅಂಥವರು ಬೆಳಿಗ್ಗೆ ಚಾಪೆಯಿಂದ ಏಳುವಾಗ ಮಾತ್ರ ಗೋಡೆ ಹಿಡಿದು, ಗೂಟ ಹಿಡಿದು, ಒಂದಷ್ಟು ಹೊತ್ತು ಹಾಗೇ ನಿಂತು, ಅಂಗಳಕ್ಕೆ ಬರುವ ಹೊತ್ತಿಗೆ ಸರಿಯಾಗುತ್ತಿದ್ದರು. ಬಲಮಂಡಿ ಊದಿ ಗುಂಡಗಾಗಿತ್ತು. ನಾನು ಒಮ್ಮೆ, "ಯಾಕತ್ತೆ, ಮಂಡಿ ನೋವಾ?" ಎಂದು ಕೇಳಿದೆ.

"ನೋವೂ ಇಲ್ಲ ಗೀವೂ ಇಲ್ಲ. ಈಚ್ಗೆ ನೆಲ ವಸಿ ಕೆಳಕ್ಕೋಗದೆ ಕಣಮ್ಮಿ, ಅಷ್ಟೇಯ" ಎಂದರು.

ಅವರು ಒಪ್ಪಿಕೊಳ್ಳದಿದ್ದರೇನು, ಊರು ಒಪ್ಪಿಕೊಂಡಿತ್ತು. ಎದುರು ಮನೆಯ ಸಣ್ಣತಾಯಮ್ಮ ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿದಳು. ಯಾರೋ ಉಪ್ಪಿನ ಗಂಟಿನ ಶಾಖ ಕೊಡಿ ಎಂದರು, ಇನ್ಯಾರೋ ಹುರುಳಿಕಾಳಿನ ಕಷಾಯ ಎಂದರು. ಬೆಳ್ಳುಳ್ಳಿ, ಓಮ, ಬೇವಿನೆಣ್ಣೆ ಎಲ್ಲ ಬಿದ್ದು ಕೊನೆಗೆ ಆ ಮಂಡಿ ಹಾದುಹೋದರೆ ಒಗ್ಗರಣೆ ಹಾಕಿದ ಹಾಗೆ ವಾಸನೆ ಬರುತ್ತಿತ್ತು. ಒಂದು ದಿನ ಅತ್ತೆ ಜಗಲಿಯ ಮೇಲೆ ನುಗ್ಗೆಸೊಪ್ಪು ಕಟ್ಟಿಸಿಕೊಂಡು ಒರಗಿ ತೂಕಡಿಸುತ್ತಿದ್ದಾಗ ಕರು ಬಂದು ಕಟ್ಟು ಬಿಚ್ಚಿ ಪೂರಾ ತಿಂದುಕೊಂಡು ಹೋಯಿತು. ಎದ್ದು ನೋಡಿದ ಅತ್ತೆ, "ಅಂತೂ ಯಾರ್ಗೋ ಒಬ್ರಿಗೆ ಗುಣ ಆಯ್ತು ಬುಡು" ಎಂದರು. ಇದನ್ನೆಲ್ಲ ಅವರು ಸಹಿಸಿಕೊಂಡರು. ಆದರೆ ಇದು ವಾಯು, ಅವರೆಕಾಳು ಮುಟ್ಟಬೇಡ ಎಂದು ಸಣ್ಣತಾಯಮ್ಮ ಅಂದಾಗ ಮಾತ್ರ ಕೆರಳಿದರು. ಅವರೆಕಾಯಿ ಸುಗ್ಗಿಯಲ್ಲಿ ಮಂಡ್ಯ ಸೀಮೆಯವರಿಗೆ ಸಿಪ್ಪೆ ಹಿತಕಿದ ಅವರೆಕಾಳಿನ ಸಾರು ಬೇಡವೆನ್ನುವುದು ಉಸಿರಾಡಬೇಡ ಎಂದ ಹಾಗೆ. "ವಾಯು ಅಲ್ಲ, ಬಿರ್ಗಾಳಿನೇ ಬರ್ಲಿ, ನಾನು ಉಣ್ಣೋಳೇಯ" ಎಂದು ಎರಡು ಸಲ ಸಾರು ಹಾಕಿಸಿಕೊಂಡರು.

ಹೀಗೆ ನಗುನಗುತ್ತಲೇ ಇದ್ದೆವು. ಒಂದು ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಾನು ಅಡಿಗೆಮನೆಗೆ ಹೋದರೆ ಅತ್ತೆ ಹಿಟ್ಟಿನ ಮಡಕೆಯ ಮುಂದೆ ಹಾಗೇ ಕೂತಿದ್ದರು. "ಉಣ್ಣಲ್ವಾ ಅತ್ತೆ?" ಎಂದೆ. "ಒಲೆ ಬೂದಿ ನೋಡ್ತಾವ್ನಿ" ಎಂದರು. ಬೂದಿಯಲ್ಲಿ ನೋಡುವಂಥದ್ದು ಏನಿರುತ್ತದೆ? ಹತ್ತಿರ ಹೋದಾಗ ಹಣೆಯ ಮೇಲೆ ಬೆವರು ಕಂಡಿತು. ಹಿಟ್ಟು ತಿರುವಿ ಮುಗಿಸಿದವರಿಗೆ ಏಳಲು ಆಗಿರಲಿಲ್ಲ. ಯಾರನ್ನೂ ಕೂಗದೆ, ಮಂಡಿಗೆ ಮನಸ್ಸು ಬರಲಿ ಎಂದು ಕಾಯುತ್ತ ಕೂತಿದ್ದರು. ನಾನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ.

"ಯಾರ್ಗೂ ಯೋಳ್ಬ್ಯಾಡ ಕಣಮ್ಮಿ" ಎಂದರು. ಆ ದೊಡ್ಡ ಗಂಟಲು ಪಿಸುಗುಟ್ಟಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ಈ ಕೋಲು ಕೈಲಿರೋಗಂಟ ಈ ಮನೆ ನಂದು. ಇದು ಓಯ್ತು ಅಂದ್ರೆ ನಾನೂ ನೆಂಟ್ರಂಗೇಯ. ಕರ್ದಾಗ ಬಂದು, ಬಡಿಸ್ದಾಗ ಉಣ್ಬೇಕು."

ನನಗೆ ನಿಜವಾಗಿ ಕನಿಕರವಾಯಿತು. ಸುಳ್ಳೇಕೆ, ಭಯವೂ ಆಯಿತು. ಆ ಕೋಲು ಅವರ ಕೈ ಬಿಟ್ಟರೆ ಬಂದು ಬೀಳುವುದು ನನ್ನ ಕೈಗೆ. ಆಮೇಲೆ ಅಷ್ಟು ಜನರ ಗತಿ ಏನು?

ನಾನು ಹೇಳಲಿಲ್ಲ, ಆದರೆ ಮಾವ ಬಾಗಿಲ ಸಂದಿಯಿಂದ ನೋಡಿದ್ದರು. ಮರುದಿನವೇ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಮಳವಳ್ಳಿ ಆಸ್ಪತ್ರೆಗೆ ಹೊರಟರು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಹಿಂದೆ ಒಲೆ ಕಟ್ಟಿಕೊಂಡು ಕೆಮ್ಮುತ್ತ ಹೋಗುವ ಬಸ್ಸು ಸ್ವಲ್ಪ ಏರು ಬಂದರೆ ನಿಂತುಬಿಡುತ್ತಿತ್ತು. ಅವತ್ತೂ ನಿಂತಿತು. "ವಯಸ್ಸಾದೋರು ಕೂತ್ಕಳಿ, ಮಿಕ್ಕೋರು ಇಳೀರಿ" ಎಂದ ಕಂಡಕ್ಟರು. ಎಲ್ಲರಿಗಿಂತ ಮೊದಲು ಇಳಿದವರು ಅತ್ತೆ. 'ವಯಸ್ಸಾದೋರು' ಎನ್ನುವಾಗ ಅವನು ಅವರ ಕಡೆ ನೋಡಿದ್ದೇ ತಪ್ಪಾಯಿತು. ಸೆರಗು ಬಿಗಿದು ಏರು ಹತ್ತಿಯೇ ಹತ್ತಿದರು, ನಾನು ಹಿಂದೆ ಓಡಿದೆ, ಬಸ್ಸು ನಮ್ಮಿಬ್ಬರ ಹಿಂದೆ ಏದುಸಿರು ಬಿಡುತ್ತ ಬಂತು. ಆ ಪೌರುಷದ ಫಲವಾಗಿ ಆಸ್ಪತ್ರೆಯ ಮೆಟ್ಟಿಲನ್ನು ಮಾವನೂ ನಾನೂ ಅವರನ್ನು ಹೊತ್ತುಕೊಂಡೇ ಹತ್ತಿಸಬೇಕಾಯಿತು.

ಡಾಕ್ಟರು ಕನ್ನಡಕದ, ಸಮಾಧಾನದ ಮನುಷ್ಯ. "ಎಲ್ಲಮ್ಮ ನೋವು?" ಎಂದರು.

"ನಂಗೇನೂ ನೋವಿಲ್ಲ ಸ್ವಾಮಿ. ನಮ್ಮನೇರು ಕರ್ಕಂಡ್ ಬಂದವ್ರೆ, ಅವ್ರ್ನೇ ಕೇಳಿ."

ಡಾಕ್ಟರು ಮಂಡಿಯನ್ನು ಮಡಿಸಿ, ಬಿಚ್ಚಿ, ಕಿವಿಗೊಟ್ಟು ಕೇಳಿದರು. ಅತ್ತೆ ಹಲ್ಲು ಕಚ್ಚಿಕೊಂಡು ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡುತ್ತಿದ್ದರು. ಡಾಕ್ಟರು ಮಾವನ ಕಡೆ ತಿರುಗಿ, "ನೋಡಿ ಗೌಡ್ರೆ, ಇದು ವಾಯುವೂ ಅಲ್ಲ, ಯಾರ ಕಣ್ಣೂ ಅಲ್ಲ. ಎರಡು ಮೂಳೆ ಸೇರೋ ಜಾಗದಲ್ಲಿ ಒಂದು ಮೆತ್ತನೆ ಪದರ ಇರುತ್ತೆ. ವಯಸ್ಸಾದ ಹಾಗೆ, ಭಾರ ಬಿದ್ದ ಹಾಗೆ ಅದು ಸವೆಯುತ್ತೆ. ಆಗ ಮೂಳೆಗೆ ಮೂಳೆ ತಿಕ್ಕುತ್ತೆ. ನಿಮ್ಮ ಗಾಡಿ ಅಚ್ಚು ಸವೆಯೋದಿಲ್ವೆ, ಹಾಗೆ" ಎಂದರು.

ಗಾಡಿ ಅಚ್ಚು ಎಂದ ತಕ್ಷಣ ಮಾವನ ಮುಖ ಅರಳಿತು. ಗಾಡಿಯ ವಿಷಯದಲ್ಲಿ ಅವರಿಗೆ ತಿಳಿಯದ್ದು ಇರಲಿಲ್ಲ. ಮುಂದೆ ಡಾಕ್ಟರು ಏನೇನೋ ಹೇಳಿದರು. ಮಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಮನಸ್ಸು ಆಗಲೇ ಕೊಟ್ಟಿಗೆಯ ಹತ್ತಿರ ಹೋಗಿತ್ತು.

ಮನೆಗೆ ಬಂದವರೇ ಚಿಕಿತ್ಸೆ ಶುರು ಮಾಡಿದರು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಗೊತ್ತಲ್ಲ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು? ಬಿದಿರಿನ ಗೊಟ್ಟದಲ್ಲಿ ಅದನ್ನು ತಂದು ಅತ್ತೆಯ ಎರಡು ಮಂಡಿಗೂ ಬಳಿದರು. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದಂತೆ. ಚಾಪೆ ಕರಿ, ಸೀರೆ ಕರಿ, ಗೋಡೆಯ ಮೇಲೆ ಅತ್ತೆ ಊರಿದ ಕೈಗುರುತುಗಳು ಕರಿ. ಅದಕ್ಕಿಂತ ಮುಖ್ಯವಾದ ಅಪ್ಪಣೆ ಇನ್ನೊಂದಿತ್ತು. "ಎತ್ತು ಬಿಚ್ಚಿ ನಿಲ್ಸಿದ್ ಗಾಡಿ ಅಚ್ಚು ಸವೀತದಾ? ಸವ್ಯಲ್ಲ. ನೀನು ಮಲೀಕೊ. ಉಳ್ದಿರೋ ಮಂಡಿನಾದ್ರೂ ಉಳಿಸ್ಕಳಣ."

ತಿಂಗಳಿಗೂ ಮೇಲೆ ಅತ್ತೆ ಮಲಗಿದರು. ಹಿಟ್ಟಿನ ಕೋಲು ನನ್ನ ಕೈಗೆ ಬಂತು. ಆ ದಿನಗಳನ್ನು ಹೇಗೆ ಬಣ್ಣಿಸಲಿ? ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದೇ ಮರ್ಯಾದೆ. ನನ್ನ ಆಳ್ವಿಕೆಯಲ್ಲಿ ಆ ಮನೆಯ ಗಂಡಸರೆಲ್ಲ ಮುದ್ದೆ ಅಗಿಯುವುದನ್ನು ಕಲಿತರು. ದೊಡ್ಡ ಮೈದುನ ಮುದ್ದೆ ಮುರಿದು ಒಳಗಿನ ಹಸಿ ಹಿಟ್ಟಿನ ಗಂಟುಗಳನ್ನು ಗಂಗಳದ ಅಂಚಿಗೆ ಸಾಲಾಗಿ ಜೋಡಿಸಿ, "ಅತ್ಗೆ, ಈ ಸಲ ಕಡ್ಲೆಕಾಯಿ ಫಸ್ಲು ಚೆನ್ನಾಗದೆ" ಎನ್ನುತ್ತಿದ್ದ. ಒಳಗೆ ಮಲಗಿದ್ದ ಅತ್ತೆಗೆ ಕೋಲಿನ ಸದ್ದಿನಿಂದಲೇ ಎಲ್ಲ ತಿಳಿಯುತ್ತಿತ್ತು. "ಕಾಲಲ್ ಮೆಟ್ಟು! ಮಡ್ಕೆ ಕುಣೀತದೆ! ಎಡಕ್ ತಿರ್ವು!" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಆಮೇಲೆ ಆ ಕೂಗು ಕಡಿಮೆಯಾಯಿತು. ಗೋಡೆ ಕಡೆ ತಿರುಗಿ ಮಲಗಲು ಶುರುಮಾಡಿದರು. ಕರೆದಾಗ ಉಂಡರು, ಬಡಿಸಿದಷ್ಟು ಉಂಡರು, ಸಾರಿಗೆ ಉಪ್ಪು ಸಾಲದಿದ್ದರೂ ಬಾಯಿ ಬಿಡಲಿಲ್ಲ. ಅವರು ಬೈಯದೆ ಇದ್ದುದು ನನಗೆ ಬೈಗುಳಕ್ಕಿಂತ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ, ಮಂಡಿ ಸಾಕಷ್ಟು ಉಳಿತಾಯವಾಗಿರಬೇಕೆಂದು ಮಾವ ಅವರನ್ನು ಎಬ್ಬಿಸಿ ನಿಲ್ಲಿಸಿದರು. ಅತ್ತೆ ಒಂದು ಹೆಜ್ಜೆ ಇಟ್ಟರು. ಕಾಲು ಬಟ್ಟೆಯ ಹಾಗೆ ಮಡಿಸಿಕೊಂಡು ಕುಸಿಯಿತು. ಮಾವ ಹಿಡಿದುಕೊಳ್ಳದಿದ್ದರೆ ಒಲೆಯ ಮೇಲೆ ಬೀಳುತ್ತಿದ್ದರು. ಮಾವನ ಮುಖ ಆಗ ಅತ್ತೆಯ ಮಂಡಿಗಿಂತ ಕಪ್ಪಾಗಿತ್ತು.

ಎರಡನೆಯ ಸಲ ಗಾಡಿಯಲ್ಲೇ ಹೋದೆವು. ಕರಿ ಬಳಿದ ಮಂಡಿ ನೋಡಿ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಥೆಯೆಲ್ಲ ಕೇಳಿದ ಮೇಲೆ, "ಗಾಡಿ ಅಂದದ್ದು ನನ್ನದೇ ತಪ್ಪು ಗೌಡ್ರೆ. ಗಾಡಿಗೆ ಮಾಂಸ ಇರುತ್ಯೇ? ಇವರಿಗೆ ಇದೆ. ಮಂಡಿಯನ್ನ ಎತ್ತಿ ಹಿಡಿಯೋದೇ ತೊಡೆ ಮಾಂಸ. ಮಲಗಿಸಿ ಮಲಗಿಸಿ ಅದನ್ನ ಸೊರಗಿಸಿದ್ದೀರಿ. ಎತ್ತನ್ನ ಇಷ್ಟು ದಿನ ಕೊಟ್ಟಿಗೇಲಿ ಕಟ್ಟಿಹಾಕಿ ಆಮೇಲೆ ನೊಗ ಇಟ್ಟರೆ ಏನಾಗುತ್ತೆ?" ಎಂದರು.

"ಮುಗ್ಗರಿಸ್ತದೆ ಸ್ವಾಮಿ" ಎಂದರು ಮಾವ, ತಲೆ ತಗ್ಗಿಸಿ.

"ಹಾಗೇ ಇದು. ಪೂರಾ ವಾಸಿಯಾಗೋ ಕಾಯಿಲೆ ಅಲ್ಲ, ಆದರೆ ಹೇಳಿದ ಮಾತು ಕೇಳೋ ಕಾಯಿಲೆ." ಈ ಸಲ ಅವರು ಮಾವನನ್ನು ಬಿಟ್ಟು ಅತ್ತೆಗೇ ಹೇಳಿದರು. ಎತ್ತರದ ಮೇಲೆ ಕೂತು ಕಾಲನ್ನು ಮೆಲ್ಲಗೆ ನೇರ ಚಾಚಿ, ಸ್ವಲ್ಪ ಹೊತ್ತು ಹಿಡಿದು ಇಳಿಸಬೇಕು, ದಿನವೂ. ಬೆಳಿಗ್ಗೆ ಬಿಸಿನೀರಿನ ಶಾಖ. ಸ್ವಲ್ಪ ನಡೆಯಬೇಕು, ಸ್ವಲ್ಪ ಕೂರಬೇಕು, ಎರಡರಲ್ಲೂ ಅತಿ ಕೂಡದು. ಮೈ ಇಳಿದಷ್ಟೂ ಮಂಡಿಗೆ ಹಗುರ, ಆದ್ದರಿಂದ ಎರಡು ಮುದ್ದೆ ಉಣ್ಣುವವರು ಒಂದು ಉಣ್ಣಬೇಕು. ಬಲಮಂಡಿ ಕೆಟ್ಟಿದ್ದರೆ ಊರುಗೋಲು ಎಡಗೈಯಲ್ಲಿ. ಕೊನೆಯದಾಗಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಲೇಬಾರದು.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಅತ್ತೆ ತಟ್ಟನೆ, "ಅಂಗಾರೆ ಇಟ್ಟು?" ಎಂದರು.

"ಸೊಸೆ ಮಾಡ್ತಾಳೆ ಬಿಡೀಮ್ಮ."

ಪಕ್ಕದಲ್ಲಿ ಮಾವ ಸಣ್ಣಗೆ ನರಳಿದರು. ಡಾಕ್ಟರು ಅವರಿಗೂ ಮಂಡಿನೋವೇ ಎಂದು ವಿಚಾರಿಸಿದರು.

ಊರುಗೋಲನ್ನು ಅತ್ತೆ ಹೊಸ್ತಿಲ ಒಳಗೇ ಬಿಡಲಿಲ್ಲ. ಮುದ್ದೆ ಎರಡರಿಂದ ಒಂದಕ್ಕೆ ಇಳಿಯಿತು, ಆದರೆ ಆ ಒಂದೇ ಮುದ್ದೆ ದಿನದಿಂದ ದಿನಕ್ಕೆ ದಪ್ಪವಾಗುತ್ತ ಹೋಗಿ ನಾನು ಕಣ್ಣಿಡಬೇಕಾಯಿತು. ಕಾಲು ಚಾಚುವುದಕ್ಕೆ ಮಾತ್ರ ಒಪ್ಪಿದರು, ಯಾಕೆಂದರೆ ಡಾಕ್ಟರು ಎತ್ತಿನ ಮಾತಾಡಿದ್ದು ಅವರಿಗೂ ಹಿಡಿಸಿತ್ತು. ಆದರೆ ಯಾವ ಕಡೆಗೆ ಚಾಚುವುದು? ಆ ಕಡೆ ದೇವರ ಗೂಡು, ಈ ಕಡೆ ಮಾವ, ಬೀದಿ ಕಡೆ ಹೋಗಿಬರುವ ಹಿರಿಯರು. ಯೋಚಿಸಿ ಯೋಚಿಸಿ, "ನೀನು ಬಾರಮ್ಮಿ ಇಲ್ಲಿ, ಮುಂದ್ಗಡೆ ಕೂತ್ಕೊ" ಎಂದರು. ಅಂದಿನಿಂದ ದಿನವೂ ಜಗಲಿಯ ಮೇಲೆ ಕೂತು ನನ್ನತ್ತ ಕಾಲು ಚಾಚಿದರು. ನಾನು ಅಂಗೈ ಒಡ್ಡಿ ಕೂರಬೇಕು, ಅವರ ಪಾದ ಅದಕ್ಕೆ ತಾಗಬೇಕು. ಅದನ್ನು ನೋಡಲು ಬಂದ ಕೇರಿಯ ಹೆಂಗಸರು, ಸೊಸೆಯ ಕಡೆ ಕಾಲು ತೋರಿಸಿದರೆ ಮಂಡಿ ವಾಸಿಯಾಗುತ್ತದಂತೆ ಎಂದು ತಮ್ಮ ತಮ್ಮ ಮನೆಯಲ್ಲೂ ಶುರು ಮಾಡಿದರು. ಊರಿನ ಸೊಸೆಯರು ನನ್ನನ್ನು ಬಹಳ ಕಾಲ ಕ್ಷಮಿಸಲಿಲ್ಲ.

ಇನ್ನುಳಿದದ್ದು ಹಿಟ್ಟು. ನೆಲದ ಮೇಲೆ ಕೂರಕೂಡದು, ಎತ್ತರದ ಮೇಲೆ ಕೂತು ತಿರುವಿದರೆ ಆದೀತು ಎಂದು ನಾನೇ ಸೂಚಿಸಿದೆ. ಆದರೆ ಆ ಮನೆಯ ಒಳಗೆ ಕೂರಲು ತಕ್ಕ ಎತ್ತರವಿದ್ದದ್ದೆಲ್ಲ ಲಕ್ಷ್ಮಿಯೇ. ಒರಳಿನ ಮೇಲೆ ಕೂರುವಂತಿಲ್ಲ. ರಾಗಿ ಅಳೆಯುವ ಕೊಳಗ ಬೋರಲು ಹಾಕುವಂತಿಲ್ಲ. ರಾಗಿ ಬೀಸುವ ಕಲ್ಲಿನ ಹೆಸರೆತ್ತಿದ್ದಕ್ಕೇ ಕೆನ್ನೆ ಬಡಿದುಕೊಂಡರು. ಅತ್ತೆ ಮನೆಯೆಲ್ಲ ಕಣ್ಣಾಡಿಸಿ ಕೊನೆಗೆ ನನ್ನ ಕೋಣೆಯ ಕಡೆ ನೋಡಿದರು.

"ನಿನ್ ಟ್ರಂಕು ದ್ಯಾವ್ರಲ್ಲ ತಾನೆ?"

ಹೀಗೆ ನನ್ನ ಮದುವೆಯ ಟ್ರಂಕು ಅಡಿಗೆಮನೆ ಸೇರಿತು. ಮುಚ್ಚಳ ಅತ್ತೆಯ ಆಕಾರಕ್ಕೆ ತಗ್ಗಿತು, ಒಳಗಿದ್ದ ಸೀರೆಗಳು ಹೊಗೆ ಕುಡಿದವು. ಮಾವ ಒಂದು ಗೇಣು ಎತ್ತರದ ಮಣ್ಣಿನ ಕಟ್ಟೆ ಹಾಕಿ ಮಡಕೆ ಇಡಲು ಜಾಗ ಮಾಡಿದರು, ಉದ್ದನೆಯ ಹೊಸ ಕೋಲು ಕೆತ್ತಿಕೊಟ್ಟರು. ಅತ್ತೆ ಟ್ರಂಕಿನ ಮೇಲೆ ಕೂತು ಕೋಲು ಹಿಡಿದರು. ಆದರೆ ಅಷ್ಟು ಎತ್ತರದಿಂದ ಕವೆಗೋಲು ಮೆಟ್ಟಲು ಸೊರಗಿದ ಕಾಲಿಗೆ ಬಲವಿರಲಿಲ್ಲ. ನಾನು ಎದುರಿಗೆ ಕೂತು ನನ್ನ ಎರಡು ಪಾದಗಳಿಂದ ಅದನ್ನು ಮೆಟ್ಟಿದೆ. ಅತ್ತೆ ನನ್ನ ಪಾದಗಳನ್ನು ನೋಡಿದರು, ನನ್ನನ್ನು ನೋಡಿದರು, ತಿರುವತೊಡಗಿದರು. ಮಡಕೆ ಕುಣಿಯಲಿಲ್ಲ. ಅವತ್ತು ಗಂಡಸರು ಮುದ್ದೆ ನುಂಗಿದರು. ಅತ್ತೆ ಸಾರಿಗೆ ಉಪ್ಪು ಸಾಲದು ಎಂದು ನನ್ನನ್ನು ಬೈದರು. ನನಗೆ ಸಂತೋಷದಿಂದ ಕಣ್ಣು ತುಂಬಿತು.

ವರ್ಷ ಕಳೆಯಿತು. ಯುದ್ಧ ಮುಗಿಯಿತು, ಸೀಮೆಎಣ್ಣೆಯ ಸಾಲು ಮುಗಿಯಲಿಲ್ಲ. ಅತ್ತೆಯ ಮಂಡಿಯ ಸದ್ದು ನಿಲ್ಲಲಿಲ್ಲ, ಆದರೆ ಬೆಳಿಗ್ಗೆ ಗೂಟ ಹಿಡಿಯುವುದು ನಿಂತಿತು. ತೊಡೆ ಗಟ್ಟಿಯಾಯಿತು. ನನ್ನನ್ನು ಕರೆದುಕೊಂಡು ದಿನವೂ ಕೆರೆ ಏರಿಯವರೆಗೆ ನಡೆದು ಬರುತ್ತಿದ್ದರು. ಹಿಟ್ಟು ಮಾತ್ರ ಹಾಗೇ ನಡೆಯಿತು, ಅವರ ಕೈ, ನನ್ನ ಕಾಲು. ಕೋಲನ್ನು ಅವರು ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ನಾನು ಬಸುರಿಯಾದೆ. ಹೆರಿಗೆಗೆ ಕರೆದೊಯ್ಯಲು ಅಪ್ಪ ಮಂಡ್ಯದಿಂದ ಬರುವುದಿತ್ತು. ಆ ದಿನಗಳಲ್ಲಿ ನನ್ನ ಪಾದಗಳು ಊದಿಕೊಂಡವು. ಒಂದು ಮಧ್ಯಾಹ್ನ ಕವೆಗೋಲು ಮೆಟ್ಟಿದರೆ ಪಾದ ನಿಲ್ಲಲಿಲ್ಲ, ಮಡಕೆ ಜಾರಿತು. ಇನ್ನೊಮ್ಮೆ ಮೆಟ್ಟಿದೆ, ಮತ್ತೆ ಜಾರಿತು. ಬೈಗುಳ ಬರುತ್ತದೆ ಎಂದು ಕಾದೆ. ಅತ್ತೆ ತಿರುವುವುದನ್ನು ನಿಲ್ಲಿಸಿ ನನ್ನ ಪಾದಗಳನ್ನೇ ನೋಡುತ್ತಿದ್ದರು.

"ತಗೀ ಕಾಲ" ಎಂದರು. "ಏಳು ಮ್ಯಾಕೆ. ಬಾ ಇಲ್ಲಿ."

ಟ್ರಂಕಿನ ಮೇಲೆ ಸರಿದು ಜಾಗ ಮಾಡಿದರು. ನಾನು ಪಕ್ಕದಲ್ಲಿ ಕೂತೆ, ಟ್ರಂಕು ಗೋಳಾಡಿತು. ಆಮೇಲೆ ಅವರು ತಮ್ಮ ಬಲಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿ ಕವೆಗೋಲಿನ ಮೇಲೆ ಇಟ್ಟು ಒತ್ತಿದರು. ಮಡಕೆ ಕಟ್ಟೆಗೆ ಕಚ್ಚಿಕೊಂಡು ನಿಂತಿತು. ಕೋಲನ್ನು ನನ್ನ ಕೈಗೆ ಕೊಟ್ಟರು.

"ಇಡ್ಕೊ. ನಿಧಾನಕ್ ತಿರ್ವು. ನಾನು ಮೆಟ್ಟಿವ್ನಿ, ಎದುರ್ಕಬ್ಯಾಡ."

ನಾನು ತಿರುವಿದೆ. ಕೋಲು ಎರಡು ಸಲ ಮಡಕೆಯ ಅಂಚಿಗೆ ಬಡಿಯಿತು, ಅವರ ಕಾಲು ಅಲ್ಲಾಡಲಿಲ್ಲ.

ಊಟಕ್ಕೆ ಕೂತ ಮಾವ ಮೊದಲ ತುತ್ತು ಮುರಿದರು. ಒಳಗಿನಿಂದ ಒಂದು ಗಂಟು ಉರುಳಿ ಗಂಗಳಕ್ಕೆ ಬಿತ್ತು. ಮಾವ ಅದನ್ನು ನೋಡಿದರು, ತಲೆ ಎತ್ತಿ ನನ್ನ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು.

"ಇವತ್ತು ನನ್ ಮಂಡಿ ಬಾಳ ನೋವು" ಎಂದರು ಅತ್ತೆ, ಇಡೀ ಕೇರಿಗೆ ಕೇಳುವ ಹಾಗೆ. "ಸರ್ಯಾಗ್ ತಿರ್ವಕ್ ಆಗ್ನಿಲ್ಲ ನಂಗೆ. ಸುಮ್ಕೆ ಉಣ್ಣಿ."

ಅವರ ಬಾಯಿಂದ ಮಂಡಿ ನೋವು ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಅವತ್ತು ಬೆಳಿಗ್ಗೆ ಕೆರೆ ಏರಿಯ ಮೇಲೆ ಅವರು ನನಗಿಂತ ಮುಂದೆ ನಡೆದಿದ್ದರು. ನಾನು ತಲೆ ಎತ್ತದೆ ಮಾವನ ಗಂಗಳಕ್ಕೆ ಇನ್ನಷ್ಟು ಸಾರು ಹಾಕಿದೆ.